ಈಸ್ಟಿನ ಹೊಟ್ಟೆಯಿಂದ ನಮ್ಮ ತೋಳಿಗೆ (ಲಸಿಕೆ ಕಥೆ, ಭಾಗ 4)

2022ರ ಮಾರ್ಚ್ ನೆನಪೈತಲ್ಲ? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರೇ ಇರ್ಲಿ, 12ರಿಂದ 14 ವರ್ಷದ ನಮ್ಮ ವಾರಿಗೆಯವರಿಗೆ ಕೋವಿಡ್ ಸೂಜಿ ಶುರುವಾಗಿದ್ದು ಆಗ. ದೇಶದಾಗ ಮಾರ್ಚ್ 16ರಿಂದ ಕೊಟ್ಟ ಆ ಲಸಿಕೆ ಹೈದರಾಬಾದಿನ ಕಾರ್ಬೆವ್ಯಾಕ್ಸ್. ಅದರೊಳಗಿನ ಪ್ರೋಟೀನ್ ತಯಾರಾಗಿದ್ದು ಈಸ್ಟಿನಲ್ಲಿ! ಹೌದು, ಬೇಕರಿ ಬನ್ ಉಬ್ಬಿಸ್ತಾರಲ್ಲ, ಅದೇ ಬಳಗದ ಸೂಕ್ಷ್ಮಜೀವಿ.

ಈ ದಾರಿ ತೋರಿಸಿದ್ದು ಹೆಪಟೈಟಿಸ್ ಬಿ, ಅಂದ್ರೆ ಲಿವರ್ ಕೆಡಿಸುವ ರೋಗ. ಹುಟ್ಟುವಾಗ ತಾಯಿಯಿಂದ ಮಗುವಿಗೆ ಬಂದ್ರೆ ಹೆಚ್ಚಾಗಿ ಜೀವನಪೂರ್ತಿ ಉಳಿಯುತ್ತದೆ.

1981ರಲ್ಲಿ ಅಮೆರಿಕದಲ್ಲಿ ಬಂದ ಇದರ ಮೊದಲ ಲಸಿಕೆಯನ್ನು ಸೋಂಕಿತರ ರಕ್ತದಿಂದಲೇ ತೆಗೀತಿದ್ರು. ಅಷ್ಟು ರಕ್ತ ಎಲ್ಲಿಂದ ತರೋದು? 1982ರಲ್ಲಿ ವಿಲಿಯಂ ರಟ್ಟರ್ ಮತ್ತು ಸಂಗಡಿಗರು ವೈರಸ್ಸಿನ ಹೊರಕವಚದ ಜೀನನ್ನು ಈಸ್ಟಿಗೆ ಸೇರಿಸಿದರು. ಈಸ್ಟ್ ಆ ಕವಚವನ್ನಷ್ಟೇ ಮಾಡಿಕೊಟ್ಟಿತು. 1986ರಲ್ಲಿ ಲಸಿಕೆಗೆ ಪರವಾನಗಿ ಸಿಕ್ತು.

ಆದ್ರೆ ನಿಜವಾದ ಕಷ್ಟ ಬೆಳೆಸೋದಲ್ಲ, ಬೇರ್ಪಡಿಸೋದು. ಈ ಕವಚ ಈಸ್ಟ್ ಕೋಶದೊಳಗೇ ಉಳೀತದೆ. ಕೋಶವನ್ನು ಭಾರಿ ಒತ್ತಡದಿಂದ ಇಲ್ಲವೇ ಗಾಜಿನ ಮಣಿಗಳಿಂದ ಒಡೀಬೇಕು. ಆಗ ಸಾವಿರಾರು ಬೇರೆ ಪ್ರೋಟೀನು, ಕೊಬ್ಬು, ಡಿಎನ್‌ಎ ಎಲ್ಲಾ ಒಟ್ಟಿಗೇ ಹೊರಬರ್ತಾವೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ ಒಂದೇ ಸಲಕ್ಕೆ ಮುಗಿಯೋದಿಲ್ಲ. ರಭಸದಿಂದ ತಿರುಗಿಸಿ ಗಸಿ ಬಿಡಿಸಬೇಕು, ಸೋಸಬೇಕು, ಬೇಕಾದ್ದನ್ನು ಮಾತ್ರ ಹಿಡಿಯುವ ಕಾಲಮ್ಮುಗಳಲ್ಲಿ ಹಾಯಿಸಬೇಕು. ಕೊನೆಗೆ ಉಳಿಯೋದು ಸುಮಾರು 22 ನ್ಯಾನೋಮೀಟರಿನ ಕಣಗಳು. ಪ್ರತಿ ಹಂತದಲ್ಲೂ ಒಂದಿಷ್ಟು ಮಾಲು ನಷ್ಟ. ಬೆಲೆ ಏರೋದಕ್ಕೆ ಇದೂ ಒಂದು ಕಾರಣ.

ಹೊರದೇಶದ ಲಸಿಕೆಗೆ ಡೋಸಿಗೆ ನೂರಾರು ರೂಪಾಯಿ ಇದ್ದ ಕಾಲವದು. ಕೂಲಿ ಮಾಡೋ ಮನೆಯವರು ಮೂರು ಡೋಸ್ ಹಾಕಿಸೋದು ಹೆಂಗ? ಹೈದರಾಬಾದಿನ ಎಂಜಿನಿಯರ್ ವರಪ್ರಸಾದ ರೆಡ್ಡಿ ತಾಯಿಯ ಹೆಸರಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿದರು. ಅವರ ತಂಡ ಪಿಕಿಯಾ ಅನ್ನೋ ಈಸ್ಟಿನಲ್ಲಿ ಬೆಳೆಸಿ, ಶುದ್ಧ ಮಾಡಿ, 1997ರಲ್ಲಿ ಸುಮಾರು 50 ರೂಪಾಯಿಗೆ ಲಸಿಕೆ ತಂದಿತು. 2011ರ ಹೊತ್ತಿಗೆ ಹೆಪಟೈಟಿಸ್ ಬಿ ಲಸಿಕೆ ಎಲ್ಲಾ ರಾಜ್ಯಗಳ ಸರ್ಕಾರಿ ಪಟ್ಟಿಗೆ ಸೇರಿತು, ಪುಕ್ಕಟೆಯಾಗಿ.

ಕಾರ್ಬೆವ್ಯಾಕ್ಸಿಗೂ ಪಿಕಿಯಾನೇ. ಆದರೆ ಇಲ್ಲಿ ಈಸ್ಟ್ ಪ್ರೋಟೀನನ್ನು ತಾನೇ ಹೊರಗೆ ಬಿಡುತ್ತದೆ. ಕೋಶ ಒಡೆಯೋ ಕೆಲಸ ಇಲ್ಲ, ಕಸವೂ ಕಡಿಮೆ.

ಲಸಿಕೆ ಕಂಡುಹಿಡಿದವರ ಹೆಸರು ನಾವು ಪರೀಕ್ಷೆಗೆ ಓದ್ತೀವಿ. ಅದನ್ನ ಸೋಸಿ, ಅಗ್ಗ ಮಾಡಿ, ನಮ್ಮೂರಿನ ದವಾಖಾನೆ ಮುಟ್ಟಿಸಿದವರೂ ಇತಿಹಾಸವೇ.

ಇವತ್ತು ಮನೆಯಾಗ ನಿಮ್ಮ ತಾಯಿ ಕಾರ್ಡ್ ಹುಡುಕ್ರಿ, ಹೆಪಟೈಟಿಸ್ ಬಿ ಸಾಲು ನೋಡ್ರಿ. ಅಕ್ಕನಿಗೋ ಅತ್ತಿಗೆಗೋ ಹೆರಿಗೆ ಹತ್ರ ಇದ್ರೆ ಹೇಳ್ರಿ: ಮೊದಲ ಡೋಸ್ ಹುಟ್ಟಿದ 24 ತಾಸಿನೊಳಗೆ.

#ಲಸಿಕೆಕಥೆ #ಹಾವೇರಿಹುಡುಗರು #ವಿಜ್ಞಾನದಇತಿಹಾಸ