ಭಟ್ಟಿಗೆ ಯಾವ ರಾಗಿ? ರಾಶಿ ಯಾರದು?



ಹೋದ ವಾರ ಆಫೀಸು ಬಿಡೋ ಹೊತ್ತಿಗೆ ನಮ್ಮ ಕೇರಿ ಹುಡುಗ ಒಬ್ಬ ಬಂದ. "ಅಣ್ಣ, ವಿದೇಶದಲ್ಲಿ ರೈತರೇ ತಮ್ಮ ಹೊಲದ ಕಾಳಲ್ಲಿ ವಿಸ್ಕಿ ಇಳಿಸಿ ಮಾರ್ತಾರಂತೆ. ನಾವು ರಾಗೀಲಿ ಮಾಡಿದ್ರೆ? ಯಾವ ತಳಿ ಹಾಕ್ಬೇಕು?" ಅಂದ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಒಂದು ತೊಟ್ಟು ಇಳಿಸಿದ್ರೂ ಕೇಸು ಅಂತ ಮೊದಲು ಹೇಳಿದೆ. ಆದ್ರೆ ತಳಿ ಯಾವುದು ಅನ್ನೋ ಪ್ರಶ್ನೆ ತಲೇಲೇ ಕೂತ್ಕೊಂಡ್ತು.

1800ರಲ್ಲಿ ಕಂಪನಿಯ ಬುಕಾನನ್ ಮೈಸೂರು ಸೀಮೆ ಸುತ್ತಿದ. ನಮ್ಮ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಗೂ ಬಂದು ತೆಂಗಿನ ತೋಟ ನೋಡಿ ಬರೆದುಕೊಂಡ. ಕರಿ ರಾಗಿ, ಕೆಂಪು ರಾಗಿ, ಹುಲುಪರಿಯ ಅಂತ ತಳಿಗಳ ಹೆಸರೂ ಅವನ ದಾಖಲೇಲಿದೆ. ಅದಕ್ಕಿಂತ ನನಗೆ ಮುಖ್ಯ ಅನ್ಸೋದು ಕಣದ ಲೆಕ್ಕ. ರಾಶಿ ಅಳೆಯುವಾಗ ತೋಟಿಗಿಷ್ಟು, ತಳವಾರನಿಗಿಷ್ಟು, ನೀರಗಂಟಿಗಿಷ್ಟು ಅಂತ ಪಾಲು ತೆಗೆಯೋದನ್ನ ಅವನು ಬರೆದಿದ್ದಾನೆ. ನಮ್ಮ ಹಿರೀಕರು ಆ ಪಟ್ಟೀಲಿ ಇದ್ದೋರು. ಬಿತ್ತಿದ್ದು, ಕಳೆ ತೆಗೆದಿದ್ದು, ಕುಯ್ದಿದ್ದು ನಾವೇ, ಆದ್ರೆ ಯಾವ ತಳಿ ಹಾಕೋಣ ಅಂತ ನಮ್ಮನ್ನ ಕೇಳಿದೋರು ಯಾರು? 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬರೋವರೆಗೂ ಕಾಗದದಲ್ಲೂ ನಾವು ಹುಟ್ಟಿನಿಂದಲೇ ಊರ ಆಳುಗಳು.

ತಳಿ ಅಂದಮೇಲೆ ರಾಗಿ ಲಕ್ಷ್ಮಣಯ್ಯನವರನ್ನ ಬಿಟ್ಟು ಮಾತಾಡೋಕಾಗಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೂತು, ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟೋರು. ಹೆಸರೇ ಹಂಗೆ, ಇಂಡಿಯಾ ಮತ್ತು ಆಫ್ರಿಕಾ. ರಾಗಿ ಮೂಲತಃ ಅಲ್ಲಿಂದ ಬಂದದ್ದೇ ಬಿಡಿ. ಉಗಾಂಡದಲ್ಲಿ ಮೊಳಕೆ ರಾಗೀಲಿ ಮಲ್ವಾ ಅನ್ನೋ ಬಿಯರ್ ಮಾಡಿ, ಒಂದೇ ಗಡಿಗೆ ಸುತ್ತ ಕೂತು ಉದ್ದನೆ ಕೊಳವೆ ಹಾಕಿ ಎಲ್ಲರೂ ಹೀರ್ತಾರೆ. ಒಂದೇ ಗಡಿಗೆ! ಇಲ್ಲಿ ತೆಂಗಿನ ಸೀಮೇಲಿ ನಮ್ಮ ತಾತನಿಗೆ ಗೌಡರ ಹಟ್ಟೀಲಿ ಕಾಫಿ ಕೊಡ್ತಿದ್ದದ್ದು ಚಿಪ್ಪಿನಲ್ಲಿ. ಕುಡಿದು ತಾನೇ ತೊಳೆದು ಬೇಲಿಗೆ ಸಿಗಿಸಿ ಬರಬೇಕಿತ್ತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮುದ್ದೆಗೆ ಒಳ್ಳೇದಾದ ರಾಗಿ ಭಟ್ಟಿಗೂ ಒಳ್ಳೇದು ಅಂತೇನಿಲ್ಲ. ಕಾಳು ಮೊಳೆತಾಗ ಅದರೊಳಗಿನ ಕಿಣ್ವ ಪಿಷ್ಟವನ್ನ ಸಕ್ಕರೆ ಮಾಡ್ಬೇಕು, ಆ ಸಕ್ಕರೆ ಹುದುಗಿದ್ರೆ ಮದ್ಯ. ಈ ಕೆಲಸದಲ್ಲಿ ರಾಗೀನೂ ಗಟ್ಟಿ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ರಾಗಿ ಮಾಲ್ಟ್ ಮೇಲೆ ದೊಡ್ಡ ಕೆಲಸವೇ ಆಗಿದೆ. ಕೆಂಪು ರಾಗೀಲಿ ಒಗರು ಜಾಸ್ತಿ. ಅದು ಕಿಣ್ವವನ್ನ ತಡೀತದೆ, ಆದ್ರೆ ಮೊಳಕೆ ಕಟ್ಟಿದಾಗ ಬೂಷ್ಟು ಹಿಡಿಯೋದನ್ನೂ ತಡೀತದೆ. ಬಿಳಿ ರಾಗೀಲಿ ಒಗರು ಕಮ್ಮಿ, ಪ್ರೋಟೀನು ಜಾಸ್ತಿ. ಪ್ರೋಟೀನು ಏರಿದಷ್ಟೂ ಪಿಷ್ಟ ಇಳೀತದೆ, ಮದ್ಯವೂ ಇಳೀತದೆ. ಹೊಲದ ಕಡೆ ನೋಡಿದ್ರೆ 1996ರ ಜಿಪಿಯು-28 ಬೆಂಕಿ ರೋಗ ತಡ್ಕೊಳ್ತದೆ, ಹುಲ್ಲೂ ಸಿಗ್ತದೆ. ದನ ಕಟ್ಟಿರೋರಿಗೆ ಹುಲ್ಲೇ ಅರ್ಧ ಬೆಳೆ. ಇನ್ನು ರೇಟು: 2024-25ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ ಇತ್ತು. ಅದಕ್ಕಿಂತ ಹೆಚ್ಚು ಹುಟ್ಟದಿದ್ರೆ ಭಟ್ಟಿ ಯಾಕೆ, ಎಪಿಎಂಸಿಗೆ ಹಾಕು ಅಂದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ಗ್ಲ್ಯಾಸ್ಗೋಗೆ ಒಯ್ದು ಹೆಸರು ಮಾಡಿದ ವಿಸ್ಕಿಗೂ ಕಾಳು ನಮ್ಮದಲ್ಲ, ಉತ್ತರ ಭಾರತದ ಬಾರ್ಲಿ.

ನಮ್ಮ ಕೇರಿಗೆ ಬಂದ ಮದ್ಯಕ್ಕಂತೂ ಕಾಳಿನ ವಾಸನೆಯೂ ಇರಲಿಲ್ಲ. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟಿಗೆ ನೀರು ಬೆರೆಸಿದ್ದೇ ಸಾರಾಯಿ. ಪ್ಯಾಕೆಟ್ಟಿನಲ್ಲಿ ಬಂದು ಕೂಲಿ ದುಡ್ಡನ್ನ ಸಂಜೆಯೊಳಗೆ ವಾಪಸ್ ಒಯ್ತಿತ್ತು. "ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ದಸಂಸ ಬೀದಿಗಿಳಿದದ್ದು ಸುಮ್ನೆ ಅಲ್ಲ. ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಕುಡಿಯೋದು ನಿಂತಿಲ್ಲ, ರೇಟು ಏರ್ತು ಅಷ್ಟೆ. ಹಾಗಾಗಿ ನಮ್ಮ ಹುಡುಗ ಭಟ್ಟಿ ಅಂದಾಗ ನನ್ನ ಹೊಟ್ಟೆ ತಣ್ಣಗಾಯ್ತು, ಸುಳ್ಳು ಹೇಳಲ್ಲ.

ಇನ್ನೊಂದು ನೆನಪಿರಲಿ. 2023ರ ಜೂನಿನಲ್ಲಿ ಅನ್ನಭಾಗ್ಯಕ್ಕೆ ದುಡ್ಡು ಕೊಡ್ತೀವಿ ಅಂದ್ರೂ ಕೇಂದ್ರ ನಮ್ಮ ರಾಜ್ಯಕ್ಕೆ ಅಕ್ಕಿ ಕೊಡಲಿಲ್ಲ. ಕೊನೆಗೆ ಕೆಜಿಗೆ 34ರಂತೆ 5 ಕೆಜಿಗೆ 170 ರೂಪಾಯಿ ಖಾತೆಗೆ ಬಂತು. ಅದೇ ಹೊತ್ತಿಗೆ ಎಥನಾಲ್ ಡಿಸ್ಟಿಲರಿಗಳಿಗೆ ಎಫ್‌ಸಿಐ ಅಕ್ಕಿ ಕೆಜಿಗೆ 20 ರೂಪಾಯಿಗೆ ಹೋಗ್ತಿತ್ತು, ಜುಲೈನಲ್ಲಿ ನಿಲ್ಲಿಸೋವರೆಗೂ. ಹಸಿದೋನಿಗಿಲ್ಲದ ಕಾಳು ಭಟ್ಟಿಗೆ ಸಿಗ್ತದೆ. ಕಣದ ಪಟ್ಟೀಲಿ ನಾವೀಗಲೂ ಕೆಳಗಿನ ಸಾಲಲ್ಲೇ.

ಹುಡುಗನಿಗೆ ಬೇಡ ಅನ್ನಲಿಲ್ಲ. ಬೇರೆಯೋರ ಕಾರ್ಖಾನೆಗೆ ಕೂಲಿ ಹೋಗೋದಕ್ಕಿಂತ ತಾನೇ ತಳಿ ಆರಿಸೋ ಜಾಗದಲ್ಲಿ ನಿಲ್ಲಬೇಕು ಅಂತ ಅವನಿಗೆ ಅನ್ಸಿದೆಯಲ್ಲ. ಅವನ ಹೆಸರಲ್ಲಿರೋದು ಮುಕ್ಕಾಲು ಎಕರೆ, ಅದೂ ಮಂಜೂರಾತಿ ಜಮೀನು. ಮೊದಲು ಪಹಣಿ ಸರಿ ಮಾಡಿಸು ಅಂದೆ. ಆಮೇಲೆ ಜಿಪಿಯು-28 ನೂರು ಕಾಳು, ಬಿಳಿ ರಾಗಿ ನೂರು ಕಾಳು ಬೇರೆ ಬೇರೆ ಒದ್ದೆ ಬಟ್ಟೇಲಿ ಕಟ್ಟಿ, ಮೂರನೇ ದಿನ ಎಷ್ಟು ಮೊಳೆತಿವೆ ಎಣಿಸಿ ಫೋನ್ ಮಾಡು ಅಂದೆ. ನಿನ್ನೆ ರಾತ್ರಿ ಮಾಡಿದ್ದ. ಬಿಳೀದು ಬೂಷ್ಟು ಹಿಡಿದಿದೆಯಂತೆ.