ಓಲೆಗರಿಯ ದಾನ, ಮುಕ್ತಪಾಠದ ದಾನ

ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರೆಲ್ಲ ಬಲ್ಲ ಸಂಗತಿಯೊಂದುಂಟು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆಯು ಪೊನ್ನಕವಿಯ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಆಕೆಯ ಔದಾರ್ಯವನ್ನು ಕೊಂಡಾಡಿ ಮುಂದಕ್ಕೆ ಸಾಗುವುದು ನಮ್ಮ ವಾಡಿಕೆ. ಆ ದಾನದ ಸ್ವರೂಪವೇನು ಎಂದು ಕೇಳಿಕೊಂಡವರು ಕಡಮೆ. ಅಂತರ್ಜಾಲದಲ್ಲಿ ಬಿಡಿಕಾಸಿಲ್ಲದೆ ದೊರೆಯುವ ಬೋಧನಸಾಧನಗಳು ಇಂದು ಶಾಲೆಯ ಬಾಗಿಲಿಗೆ ಬಂದು ನಿಂತಿವೆ. ಆದಕಾರಣ ಆ ಹಳೆಯ ಪ್ರಶ್ನೆಯನ್ನು ಈಗಲಾದರೂ ಕೇಳಿಕೊಳ್ಳುವುದು ಉಚಿತ.

ಜಮಖಂಡಿಯ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ 'ಅಜಿತಪುರಾಣ'ವನ್ನು ರಚಿಸಿದ ರನ್ನನು ಈ ನೆಲದವನು. ಅವನು ಹುಟ್ಟಿದ ಮುದುವೊಳಲು, ಅಂದರೆ ಇಂದಿನ ಮುಧೋಳ, ಆ ಕಾಲದ ಜಂಬುಖಂಡಿ ಎಪ್ಪತ್ತು ಎಂಬ ವಿಭಾಗಕ್ಕೆ ಸೇರಿದ್ದಿತು. ಬಳೆಗಾರರ ಮನೆಯ ಈ ಹುಡುಗ ವಿದ್ಯೆಗಾಗಿ ಘಟಪ್ರಭೆಯ ದಡದಿಂದ ದೂರದ ಗಂಗರ ನಾಡಿಗೆ ಹೋಗಬೇಕಾಯಿತು. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾಗಿ ದೊರೆತರು, ಚಾವುಂಡರಾಯನು ಆಶ್ರಯವಿತ್ತನು. ಗ್ರಂಥವಿರುವಲ್ಲಿಗೆ, ಗುರುವಿರುವಲ್ಲಿಗೆ ವಿದ್ಯಾರ್ಥಿಯೇ ನಡೆದುಹೋಗಬೇಕಾಗಿದ್ದ ಕಾಲವದು. ಗ್ರಂಥವೇ ಓದುಗನಿರುವಲ್ಲಿಗೆ ನಡೆದು ಬರುವಂತೆ ಮಾಡಿದ್ದು ಅತ್ತಿಮಬ್ಬೆಯ ಹಿರಿಮೆ.

ಜೈನರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ಹೇಳುತ್ತಾರೆ. ಕೊಟ್ಟ ಅನ್ನ ಉಂಡೊಡನೆ ಮುಗಿಯುತ್ತದೆ. ಕೊಟ್ಟ ಶಾಸ್ತ್ರ ಮುಗಿಯುವುದಿಲ್ಲ. ಓಲೆಯ ಕಟ್ಟನ್ನು ಪಡೆದವನು ಅದರ ಒಡೆಯನಾಗುತ್ತಿದ್ದನು. ಅದನ್ನು ಓದಬಹುದಿತ್ತು, ಓದಿ ಹೇಳಬಹುದಿತ್ತು, ಇನ್ನೊಂದು ಪ್ರತಿ ಮಾಡಿ ನೆರೆಯೂರಿಗೆ ಕಳುಹಬಹುದಿತ್ತು. ಇದಕ್ಕೆ ದಾನಿಯ ಅಪ್ಪಣೆ ಬೇಕಿರಲಿಲ್ಲ. ದಾನಿ ಅದನ್ನು ಹಿಂದಕ್ಕೆ ಕೇಳುವಂತೆಯೂ ಇರಲಿಲ್ಲ. ಪ್ರತಿ ಮಾಡಿಕೊಳ್ಳುವ ಸ್ವಾತಂತ್ರ್ಯವೇ ಆ ದಾನದ ತಿರುಳು.

ಮುಂದೆ ಅಚ್ಚಿನ ಯಂತ್ರ ಬಂದಿತು. ಪುಸ್ತಕ ಸುಲಭವಾಯಿತು, ಪ್ರತಿ ಮಾಡುವ ಕೆಲಸ ಮಾತ್ರ ಓದುಗನ ಕೈಬಿಟ್ಟು ಮುದ್ರಕನ ಪಾಲಾಯಿತು. 1950ರಲ್ಲಿ ಧಾರವಾಡದ ಆಕಾಶವಾಣಿ ತನ್ನ ಪ್ರಸಾರವನ್ನು ಆರಂಭಿಸಿದಾಗ ವಿದ್ಯೆ ಗಾಳಿಯಲ್ಲಿ ಹರಿಯತೊಡಗಿತು. ಆದರೆ ಕೇಳುವವನು ಮರುಮಾತನಾಡುವಂತಿರಲಿಲ್ಲ, ತನ್ನ ಊರಿನ ಒಂದು ಉದಾಹರಣೆಯನ್ನು ಅದರೊಳಗೆ ಸೇರಿಸುವಂತಿರಲಿಲ್ಲ.

ಆ ಹಳೆಯ ಸ್ವಾತಂತ್ರ್ಯ ಮರಳಿ ಬಂದದ್ದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ. 2001ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಜಗತ್ತಿಗೆ ತೆರೆದಿಡುವುದಾಗಿ ಸಾರಿತು. 2002ರಲ್ಲಿ ಯುನೆಸ್ಕೋದ ಸಭೆ ಇಂಥ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಹೆಸರನ್ನಿತ್ತಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಮೊದಲಾಯಿತು. 2013ರಲ್ಲಿ ಕರ್ನಾಟಕದ ರಾಜ್ಯ ಶಿಕ್ಷಣ ಸಂಶೋಧನ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ'ವನ್ನು ಆರಂಭಿಸಿತು. ಇಲ್ಲಿ ಸರಕಾರಿ ಶಾಲೆಯ ಅಧ್ಯಾಪಕರೇ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಪಾಠಗಳನ್ನು ಬರೆದು ಸೇರಿಸಬಹುದು. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಿ, ಬೆಳೆಸಿ, ಮತ್ತೆ ಹಂಚಬಹುದು. ಸಾವಿರ ವರ್ಷಗಳ ಹಿಂದಿನ ಲಿಪಿಕಾರನ ಹಕ್ಕು ಹೀಗೆ ತರಗತಿಯ ಅಧ್ಯಾಪಕನಿಗೆ ದೊರೆಯಿತು.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಉಚಿತ ಸಾಧನಗಳು ಮನೆಮನೆಗೆ ಹೊಕ್ಕವು. ಆದರೆ ಉಚಿತವಾದದ್ದೆಲ್ಲ ಮುಕ್ತವಲ್ಲವೆಂಬ ಪಾಠವನ್ನು ಕಾಲವೇ ಕಲಿಸಿತು. ಗೂಗಲ್ ಸಂಸ್ಥೆಯ ಜಾಮ್‌ಬೋರ್ಡ್ ಎಂಬ ಬರೆಯುವ ಹಲಗೆಯನ್ನು ಹಲವು ದೇಶಗಳ ಅಧ್ಯಾಪಕರು ಬಳಸುತ್ತಿದ್ದರು. 2024ರ ಡಿಸೆಂಬರ್ 31ಕ್ಕೆ ಆ ಸಂಸ್ಥೆ ಅದನ್ನು ನಿಲ್ಲಿಸಿತು. ಬಳಸಿದವರು ತಮ್ಮ ಪಾಠಗಳೊಡನೆ ಬೇರೆ ಆಸರೆಯನ್ನು ಹುಡುಕಬೇಕಾಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಅದು ದಾನವಾಗಿರಲಿಲ್ಲ, ಎರವಾಗಿತ್ತು. ಎರವು ಕೊಟ್ಟವನು ಬೇಕಾದಾಗ ಮರಳಿ ಪಡೆಯುತ್ತಾನೆ.

ಈ ಭೇದವನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೇಯ್ದ ಸೀರೆಯನ್ನು ಕೊಟ್ಟರೆ ಉಡಬಹುದು. ನೂಲನ್ನೂ ಮಗ್ಗವನ್ನೂ ಕೊಟ್ಟರೆ ತನಗೆ ಬೇಕಾದ ಅಂಚನ್ನು ತಾನೇ ನೇಯ್ದುಕೊಳ್ಳಬಹುದು. ನೋಡಲು ಮಾತ್ರ ದೊರೆಯುವ ಪಾಠ ಸೀರೆಯಿದ್ದಂತೆ. ತಿದ್ದಲು ದೊರೆಯುವ ಪಾಠ ನೂಲು ಮಗ್ಗಗಳಿದ್ದಂತೆ. ನದಿಯ ಪಾಠಕ್ಕೆ ಘಟಪ್ರಭೆಯ ಮಹಾಪೂರವನ್ನು, ಶೇಕಡಾ ಲೆಕ್ಕಕ್ಕೆ ಕಬ್ಬಿನ ತೂಕವನ್ನು ಸೇರಿಸಬಲ್ಲವರು ಈ ಸೀಮೆಯ ಅಧ್ಯಾಪಕರೇ ಹೊರತು ದೂರದ ನಗರದ ಪಂಡಿತರಲ್ಲ.

ಎಲ್ಲರೂ ಬರೆದರೆ ತಪ್ಪು ನುಸುಳದೆ ಎಂದು ಕೇಳಬಹುದು. ನುಸುಳುತ್ತದೆ. ಓಲೆಗರಿಯಲ್ಲಿಯೂ ನುಸುಳಿತ್ತು. ಹಲವು ಪ್ರತಿಗಳನ್ನು ಎದುರುಬದುರಿಟ್ಟು ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನಶಾಸ್ತ್ರವೇ ನಮ್ಮಲ್ಲಿ ಬೆಳೆದಿದೆ. ತಪ್ಪಿಗೆ ಮದ್ದು ಹೆಚ್ಚು ಕಣ್ಣುಗಳ ಪರಿಶೀಲನೆಯೇ ಹೊರತು ಬರೆಯುವ ಕೈಯನ್ನು ಕಟ್ಟುವುದಲ್ಲ. ನಿಜವಾದ ಅಡ್ಡಿ ಬೇರೆಯಿದೆ. ಅಧ್ಯಾಪಕನಿಗೆ ಬಿಡುವಿಲ್ಲದಿದ್ದರೆ, ಮಗುವಿನ ಮನೆಯಲ್ಲಿ ಫೋನು ಒಂದೇ ಇದ್ದು ಅದೂ ದುಡಿಯುವವರ ಜೇಬಿನಲ್ಲಿದ್ದರೆ, ಮುಕ್ತಪಾಠವೂ ಮುಚ್ಚಿದ ಪಾಠವೇ ಆಗುತ್ತದೆ. ಅತ್ತಿಮಬ್ಬೆ ಪ್ರತಿಗಳನ್ನು ಬರೆಯಿಸಿ ಸುಮ್ಮನಾಗಲಿಲ್ಲ, ಹಂಚಿದಳು ಎಂಬುದನ್ನು ಸರಕಾರವೂ ಸಮಾಜವೂ ನೆನೆಯತಕ್ಕದ್ದು.

ಸಾವಿರ ಪ್ರತಿಗಳಾಗಿ ಹರಡಿದ ಪೊನ್ನನ 'ಶಾಂತಿಪುರಾಣ' ಇಂದಿಗೂ ನಮಗೆ ದೊರೆಯುತ್ತದೆ. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ದೊರೆತಿಲ್ಲ. ನಮ್ಮ ಮುಧೋಳದ ರನ್ನನ 'ಪರಶುರಾಮಚರಿತ', 'ಚಕ್ರೇಶ್ವರಚರಿತ'ಗಳೂ ದೊರೆತಿಲ್ಲ. ಹಲವರ ಮನೆಯಲ್ಲಿದ್ದ ಗ್ರಂಥಕ್ಕೆ ಆಯುಷ್ಯ ಹೆಚ್ಚು. ಇಂದು ಕನ್ನಡ ಶಾಲೆಯ ಅಧ್ಯಾಪಕರು ಶ್ರಮಪಟ್ಟು ಸಿದ್ಧಪಡಿಸುವ ಪಾಠಗಳು ಯಾರದೋ ಎರವಿನ ಹಲಗೆಯ ಮೇಲೆ ಮಾತ್ರ ಉಳಿಯಬಾರದು. ಅವು ಮುಕ್ತವಾದ ಕಡೆ ಸೇರಲಿ, ಬೀಳಗಿಯ ಪಾಠವನ್ನು ಬೀದರಿನವರು ತಿದ್ದಿಕೊಳ್ಳಲಿ, ಊರೂರಿನಲ್ಲಿ ಅದರ ಪ್ರತಿಯಿರಲಿ.