ಶ್ವಾಸಕೋಶದ ಅಪಧಮನಿಯ ರಕ್ತದೊತ್ತಡ: ನಿಗಾ ಮತ್ತು ನಿರ್ವಹಣೆ

ತೋಳಿನ ಬಿಪಿಯಲ್ಲಿ ಕಾಣದ ಒತ್ತಡ

ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಈ ಕಾಯಿಲೆ ಗೊತ್ತಾಗುವುದಿಲ್ಲ. ಶ್ವಾಸಕೋಶದ ಒಳಗಿನ ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗಿ ರಕ್ತದ ದಾರಿ ಕಿರಿದಾಗುತ್ತದೆ. ಅದರೊಳಗೆ ರಕ್ತವನ್ನು ತಳ್ಳಿ ತಳ್ಳಿ ಹೃದಯದ ಬಲಭಾಗ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ತಲೆಸುತ್ತು ಬರುತ್ತವೆ. ರಕ್ತ ಕಡಿಮೆಯಿರಬೇಕು, ಆಸ್ತಮಾ ಇರಬೇಕು ಎಂದುಕೊಂಡು ಎಷ್ಟೋ ಜನ ಅಮೂಲ್ಯ ಸಮಯ ಕಳೆದುಕೊಳ್ಳುತ್ತಾರೆ.

ಹೃದಯದ ಎಕೋ ಪರೀಕ್ಷೆ ಸುಳಿವು ಕೊಡುತ್ತದೆ. ಆದರೆ ರೋಗ ಖಚಿತವಾಗಲು ರಕ್ತನಾಳದ ಮೂಲಕ ಹೃದಯದ ಬಲಭಾಗಕ್ಕೆ ಕ್ಯಾಥೆಟರ್ ಕಳಿಸಿ ಒತ್ತಡವನ್ನು ನೇರವಾಗಿ ಅಳೆಯಲೇಬೇಕು. ಸರಾಸರಿ ಒತ್ತಡ 25 ಮಿ.ಮೀ. ಪಾದರಸ ಮುಟ್ಟಿದರೆ ಕಾಯಿಲೆ ಎನ್ನುತ್ತಿದ್ದರು. 2022ರ ಯುರೋಪಿನ ಮಾರ್ಗಸೂಚಿ ಅದನ್ನು 20ಕ್ಕಿಂತ ಹೆಚ್ಚು ಎಂದು ಇಳಿಸಿತು. ಎಡ ಹೃದಯದ ತೊಂದರೆಯಿಂದ ಏರಿದ ಒತ್ತಡಕ್ಕೆ ಚಿಕಿತ್ಸೆಯೇ ಬೇರೆ. ಆದ್ದರಿಂದ ಕ್ಯಾಥೆಟರ್ ಪರೀಕ್ಷೆ ತಪ್ಪಿಸಿ ಮಾತ್ರೆ ಶುರು ಮಾಡುವುದು ಸರಿಯಲ್ಲ.

ಆರು ನಿಮಿಷದ ನಡಿಗೆ

ಆಸ್ಪತ್ರೆಯ ಉದ್ದನೆಯ ಸಮತಟ್ಟಾದ ಮೊಗಸಾಲೆ. ಎರಡು ತುದಿಗೂ ಗುರುತು ಇಟ್ಟಿರುತ್ತಾರೆ. ರೋಗಿ ಅತ್ತಿಂದಿತ್ತ ನಡೆಯಬೇಕು, ಓಡುವಂತಿಲ್ಲ. ದಣಿವಾದರೆ ಗೋಡೆಗೆ ಒರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆರು ನಿಮಿಷ ಮುಗಿದಾಗ ಎಷ್ಟು ಮೀಟರ್ ಆಯಿತು, ಆಮ್ಲಜನಕದ ಮಟ್ಟ ಎಷ್ಟು ಇಳಿಯಿತು ಎಂದು ಬರೆದುಕೊಳ್ಳುತ್ತಾರೆ. 440 ಮೀಟರ್ ದಾಟಿದರೆ ಅಪಾಯ ಕಡಿಮೆ, 165ಕ್ಕಿಂತ ಕೆಳಗಿದ್ದರೆ ಬಹಳ ಹೆಚ್ಚು. ಜೊತೆಗೆ ಹೃದಯದ ದಣಿವು ತಿಳಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆಯನ್ನೂ, ದಿನನಿತ್ಯದ ಕೆಲಸದಲ್ಲಿ ಎಷ್ಟು ಉಸಿರು ಕಟ್ಟುತ್ತದೆ ಎಂಬುದನ್ನೂ ನೋಡುತ್ತಾರೆ.

ಮೂರರಿಂದ ಆರು ತಿಂಗಳಿಗೊಮ್ಮೆ ಇದೆಲ್ಲ ಮತ್ತೆ ಆಗಬೇಕು. ರೋಗಿ ತನಗರಿವಿಲ್ಲದೆಯೇ ಓಡಾಟ ಕಡಿಮೆ ಮಾಡಿಕೊಂಡು "ಈಗ ಪರವಾಗಿಲ್ಲ ಡಾಕ್ಟ್ರೇ" ಎನ್ನುವುದುಂಟು. ಆ ಮಾತೊಂದನ್ನೇ ನಂಬಿದರೆ ಔಷಧಿ ಹೆಚ್ಚಿಸಬೇಕಾದ ಹೊತ್ತು ಜಾರಿಹೋಗುತ್ತದೆ. ಗುರಿ ಇರಬೇಕಾದದ್ದು ಅಪಾಯ ಕಡಿಮೆ ಇರುವ ಹಂತ ತಲುಪುವುದು. ಮೊದಲಿಗಿಂತ ವಾಸಿ ಎಂದು ಸಮಾಧಾನಪಟ್ಟುಕೊಳ್ಳುವುದಲ್ಲ.

ಔಷಧಿಗಳು

ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಜೊತೆಗೆ ಬೋಸೆಂಟನ್, ಆಂಬ್ರಿಸೆಂಟನ್, ಮ್ಯಾಸಿಟೆಂಟನ್‌ಗಳಲ್ಲಿ ಒಂದನ್ನು ಸೇರಿಸಿ ಆರಂಭಿಸುವುದು ಈಗ ರೂಢಿ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯನ್ನು ಸಿಲ್ಡೆನಾಫಿಲ್ ಜೊತೆ ಎಂದೂ ತೆಗೆದುಕೊಳ್ಳಬಾರದು, ಬಿಪಿ ಕುಸಿಯುತ್ತದೆ. ಬೋಸೆಂಟನ್‌ಗೆ ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಬೇಕು. ರೋಗ ತೀವ್ರವಾದವರಿಗೆ ಪಂಪಿನ ಮೂಲಕ ರಕ್ತನಾಳಕ್ಕೆ ಸತತವಾಗಿ ಹರಿಸುವ ಎಪೊಪ್ರೊಸ್ಟೆನಾಲ್ ಇದೆ. ಅದರ ಪರಿಣಾಮ ಕೆಲವೇ ನಿಮಿಷ ಉಳಿಯುವುದರಿಂದ ಪಂಪು ನಿಂತರೆ ಜೀವಕ್ಕೇ ಅಪಾಯ. 2024ರಲ್ಲಿ ಅಮೆರಿಕ ಒಪ್ಪಿದ ಸೊಟಾಟರ್‌ಸೆಪ್ಟ್ ರಕ್ತನಾಳದ ಗೋಡೆ ದಪ್ಪವಾಗುವ ಪ್ರಕ್ರಿಯೆಯನ್ನೇ ತಡೆಯಲು ನೋಡುತ್ತದೆ.

ಮನೆಯಲ್ಲಿ

ಪ್ರತಿ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಎರಡು-ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಅದು ಮೈಗೆ ಸೇರಿದ ನೀರು. ವೈದ್ಯರಿಗೆ ತಿಳಿಸಿ ಮೂತ್ರ ಹೋಗಿಸುವ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಉಪ್ಪಿನಕಾಯಿ, ಹಪ್ಪಳ ಬಿಡುವುದು ಒಳ್ಳೆಯದು.

ಬಸಿರು ತಾಯಿಯ ಪ್ರಾಣಕ್ಕೇ ಕುತ್ತು ತರಬಲ್ಲದು, ಬೋಸೆಂಟನ್ ಗುಂಪಿನ ಔಷಧಿಗಳು ಭ್ರೂಣಕ್ಕೆ ಹಾನಿಕರ. ಇದನ್ನು ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕು, ಗರ್ಭನಿರೋಧಕದ ಬಗ್ಗೆ ಸಂಕೋಚವಿಲ್ಲದೆ ಮಾತಾಡಬೇಕು. ಹಲ್ಲು ಕೀಳಿಸುವುದಿದ್ದರೂ ಕಾಯಿಲೆಯ ವಿಷಯ ಮೊದಲೇ ತಿಳಿಸಬೇಕು. ನಡೆಯುವಾಗ ಕಣ್ಣು ಕತ್ತಲಿಟ್ಟು ಬಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.